ಹುಳು ಮನೆಯಲ್ಲಿ ಹಾಡು, ಅಂಗಳದಲ್ಲಿ ಹಿಟ್ಟು

ತೋಟದ ಅತಿಥಿಗಳಿಗೆ ಅಂತ ಇಟ್ಟುಕೊಂಡ ಹಾಡು, ಊಟದ ಮೊದಲ ಸಂಜೆ ಪೂರ್ತಿ ಕೆಟ್ಟುಹೋಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಾಡಿದ್ದೆಲ್ಲ ಅವತ್ತು ಕೆಟ್ಟದ್ದರ ರಿಪೇರಿ.

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ತೋಟದ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡಲು ಶುರುಮಾಡಿ ಎರಡು ವರ್ಷವಾಯಿತು. ನಂದಿ ಬೆಟ್ಟ ಹತ್ತಿ ಬಂದವರು, ಕೈವಾರಕ್ಕೆ ಹೊರಟವರು ಬಂದು ಉಳಿಯುತ್ತಾರೆ. ಮನೆಯ ಹಿಂದೆ ರೇಷ್ಮೆ ಹುಳು ಸಾಕಲು ಅಪ್ಪ ಕಟ್ಟಿಸಿದ ಹುಳು ಮನೆ ಇದೆ. 40 ಅಡಿ ಉದ್ದ, 20 ಅಡಿ ಅಗಲ, ಮೇಲೆ ತಗಡಿನ ಶೀಟು. ಮಂಡಿ ನೋವು ಜಾಸ್ತಿಯಾಗಿ ಅಪ್ಪ ರೇಷ್ಮೆ ಬಿಟ್ಟ ಮೇಲೆ ಅದು ಗೊಬ್ಬರದ ಚೀಲ, ಡ್ರಿಪ್ ಪೈಪು ಎಸೆಯುವ ಜಾಗವಾಗಿತ್ತು.

ಆಸೆ ಹುಟ್ಟಿದ್ದು ಗೋಕರ್ಣದ ಕಡೆ ಹೋಗಿದ್ದಾಗ. ಅಲ್ಲಿ ಕಡಲ ದಂಡೆಯ ಒಂದು ಅತಿಥಿ ಗೃಹದಲ್ಲಿ ಸಂಜೆಯಾದರೆ ಯಾರಾದರೂ ಹಾಡುತ್ತಿದ್ದರು, ಪಕ್ಕದಲ್ಲಿ ಮೀನು ಹುರಿಯುತ್ತಿದ್ದರು, ಮೂಲೆಯಲ್ಲಿ ಮಕ್ಕಳು ಚಿಪ್ಪಿಗೆ ಬಣ್ಣ ಬಳಿಯುತ್ತಿದ್ದರು. ಇದನ್ನು ನಮ್ಮ ತೋಟದಲ್ಲೂ ಮಾಡಬಹುದಲ್ವಾ ಅನಿಸಿತು. ಅಲ್ಲಿ ಗೋಡೆಯೇ ಇರಲಿಲ್ಲ, ಮೇಲೆ ಗರಿಯ ಚಪ್ಪರ, ಕೆಳಗೆ ಮರಳು, ಮುಂದೆ ಸಮುದ್ರ ಎನ್ನುವುದನ್ನು ನಾನು ಗಮನಿಸಲೇ ಇಲ್ಲ. ಮರಳು ಶಬ್ದವನ್ನು ನುಂಗುತ್ತದೆ. ಚಪ್ಪರ ಶಬ್ದವನ್ನು ಹೊರಗೆ ಬಿಡುತ್ತದೆ. ಹಾಡುವವರು ಸ್ವಲ್ಪ ತಪ್ಪಿದರೂ ಅಲೆಯ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಹೊಗೆ ಎದ್ದರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ನಮ್ಮಲ್ಲಿ ಇದ್ಯಾವುದೂ ಇಲ್ಲ.

ಹುಳು ಮನೆ ತೊಳೆದೆವು. ಸುಣ್ಣ ಬಳಿದೆವು. ಕೈವಾರದ ಕಡೆಯ ಒಂದು ಭಜನೆ ತಂಡವನ್ನು ತತ್ವಪದ ಹಾಡಲು ಕರೆದೆವು. ಹಾರ್ಮೋನಿಯಂ, ತಬಲ, ತಾಳ, ಎರಡು ಮೈಕು. 35 ಜನ ಬಂದರು. ಹಾಡು ಶುರುವಾದ ಎರಡು ನಿಮಿಷಕ್ಕೆ ಮೂರು ತೊಂದರೆ ಒಟ್ಟಿಗೆ ಬಂದವು.

ಒಂದನೆಯದು, ಪದವೇ ತಿಳಿಯುತ್ತಿರಲಿಲ್ಲ. ಒಂದು ಸಾಲು ಮುಗಿಯುವ ಮೊದಲೇ ಹಿಂದಿನ ಸಾಲು ಗೋಡೆಯಿಂದ ವಾಪಸ್ ಬರುತ್ತಿತ್ತು. ತಾಳ ಬಿದ್ದರೆ ದೇವಸ್ಥಾನದ ಗಂಟೆ ಬಾವಿಯೊಳಗೆ ಬಾರಿಸಿದ ಹಾಗೆ. ಎರಡನೆಯದು, ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು. ಹಾಡುತ್ತಿದ್ದ ಹಿರಿಯರು ನಡುವೆ ನಿಲ್ಲಿಸಿ, "ಮೈಕು ತುಟಿಗೆ ತಗುಲಿದರೆ ಜುಂ ಅಂತಿದೆ ಸ್ವಾಮಿ" ಅಂದರು. ಎದೆ ಧಸಕ್ಕೆಂದಿತು. ಆಗಲೇ ಮೈಕು ಬಂದ್ ಮಾಡಿದೆ.

ಮೂರನೆಯದು ಪಕ್ಕದ ತೋಟದ ದೊಡ್ಡಪ್ಪ. ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿ ಹಿಟ್ಟು, ಅಂದರೆ ರಾಗಿ ಮುದ್ದೆ, ಬೇಯಿಸುತ್ತಿದ್ದೆವು. ಸೌದೆ ಹಸಿ. ಹೊಗೆ ನೇರ ಅವರ ಹುಳು ಮನೆಗೆ. ಸಾಲದ್ದಕ್ಕೆ ಅತಿಥಿಗಳಿಗೆ ಸೊಳ್ಳೆ ಕಚ್ಚಬಾರದು ಅಂತ ನಾಲ್ಕು ಮೂಲೆಯಲ್ಲೂ ಸೊಳ್ಳೆ ಬತ್ತಿ ಹಚ್ಚಿಟ್ಟಿದ್ದೆ. ಅವರು ಬೇಲಿಯ ಹತ್ತಿರ ನಿಂತು ಕೂಗಿದರು. "ಹುಳ ಹಣ್ಣಾಗೋ ಹೊತ್ತಲ್ಲಿ ಹೊಗೆ ಹಾಕ್ತೀಯಲ್ಲಪ್ಪಾ. ನಿಮ್ಮಪ್ಪ ಬೀಡಿ ಸೇದೋರನ್ನೂ ಈ ಕಡೆಗೆ ಬಿಡ್ತಿರಲಿಲ್ಲ."

ಹಣ್ಣಾಗೋದು ಅಂದರೆ ಹುಳು ಗೂಡು ಕಟ್ಟಲು ತಯಾರಾಗುವುದು. ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹೊಗೆ, ತಂಬಾಕು, ಕೀಟನಾಶಕದ ವಾಸನೆ ರೇಷ್ಮೆ ಹುಳುವಿಗೆ ಆಗುವುದಿಲ್ಲ ಅಂತ ಈ ಸೀಮೆಯಲ್ಲಿ ಸ್ಕೂಲು ಮಕ್ಕಳಿಗೂ ಗೊತ್ತು. ಸೊಳ್ಳೆ ಬತ್ತಿಯಲ್ಲಿರುವುದೂ ಕೀಟನಾಶಕವೇ. ರೇಷ್ಮೆ ಮನೆಯಲ್ಲೇ ಬೆಳೆದವನು ನಾನು. ಸಮುದ್ರದ ಗುಂಗಿನಲ್ಲಿ ಮರೆತಿದ್ದೆ. ಒಲೆಗೆ ನೀರು ಹಾಕಿ, ಅವತ್ತು ಅಮ್ಮ ಗ್ಯಾಸಿನ ಮೇಲೆ ಅನ್ನ ಮಾಡಿ ಬಡಿಸಿದರು.

ಮಾರನೆಯ ದಿನದಿಂದ ರಿಪೇರಿ.

ಜೀವದ ಪ್ರಶ್ನೆ ಆದ್ದರಿಂದ ಮೊದಲು ಕರೆಂಟು ನೋಡಿದೆ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ 14 ವೋಲ್ಟ್ ತೋರಿಸಿತು. ಅರ್ಥ್ ತಂತಿಯನ್ನು ಹಿಡಿದುಕೊಂಡು ಹೋದೆ. ಅದು ಕಿಟಕಿಯ ಕಂಬಿಗೆ ಸುತ್ತಿಕೊಂಡು ಅಲ್ಲೇ ಮುಗಿದಿತ್ತು. ಹಳೆಯ ವೈರಿಂಗ್ ಮಾಡಿದವರು ಯಾರೋ, ಗೋಡೆಯೇ ಭೂಮಿ ಅಂದುಕೊಂಡಿದ್ದರು. ಗೋಡೆಯ ಪಕ್ಕ 8 ಅಡಿ ಗುಂಡಿ ತೋಡಿಸಿ, ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ಒಂದರ ಮೇಲೊಂದು ಪದರವಾಗಿ ತುಂಬಿ ನೀರು ಹಾಕಿದೆವು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು, ಹಾಕಿಸಿದೆ. ಮತ್ತೆ ಅಳೆದಾಗ 2 ವೋಲ್ಟ್‌ಗಿಂತ ಕಮ್ಮಿ. ಗುಂಯ್ ಸದ್ದು ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಫ್ರಿಜ್ಜೂ ಆಂಪ್ಲಿಫೈಯರೂ ಒಂದೇ ಲೈನಿನಲ್ಲಿ ಇದ್ದದ್ದರಿಂದ. ಬೇರೆ ಲೈನು ಎಳೆಸಿದ ಮೇಲೆ ಅದೂ ನಿಂತಿತು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಒಂದು ಬಿಂದಿಗೆ ನೀರು ಹಾಕಬೇಕು. ನಮ್ಮ ನೆಲ ಅಷ್ಟು ಒಣಗುತ್ತದೆ.

ಇನ್ನು ಗೋಡೆ. ಇದರಲ್ಲಿ ನನಗೆ ಒಂದು ತಿಂಗಳು ಹೋಯಿತು. ಖುಷಿ ಕೊಟ್ಟದ್ದೂ ಇದೇ.

ಬೆಳೆ ಬೆಳೆಗೂ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಸುಣ್ಣ ಬಳಿಯಲು ಅನುಕೂಲವಾಗಲಿ ಅಂತ ಹುಳು ಮನೆಯನ್ನು ಕಟ್ಟುತ್ತಾರೆ. ನೆಲ ಸಿಮೆಂಟು, ಗೋಡೆಗೆ ನುಣ್ಣನೆಯ ಗಾರೆ. ರೋಗ ನಿಲ್ಲಬಾರದು ಅಂತ ಮಾಡಿದ ಆ ನುಣುಪಿನ ಮೇಲೆ ಶಬ್ದವೂ ನಿಲ್ಲುವುದಿಲ್ಲ, ಓಡಾಡುತ್ತಲೇ ಇರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ನಮ್ಮ ಕೋಣೆಯ ಅಗಲ 20 ಅಡಿ, ಹೋಗಿ ಬಂದರೆ 12 ಮೀಟರ್. ಅಂದರೆ ಒಂದು ಚಪ್ಪಾಳೆ ಎರಡು ಗೋಡೆಗಳ ನಡುವೆ ಸೆಕೆಂಡಿಗೆ 28 ಸಲ ಸುತ್ತು ಹೊಡೆಯುತ್ತದೆ. ಕಿವಿಗೆ ಅದು ಟರ್ರ್ ಅಂತ ಕೇಳುತ್ತದೆ. ನಿಮ್ಮ ಖಾಲಿ ಹಾಲಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ, ಗೊತ್ತಾಗುತ್ತದೆ.

ಬಲೂನು ಒಡೆದು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸದ್ದು ಪೂರ್ತಿ ಅಡಗಲು ಮೂರೂವರೆ ಸೆಕೆಂಡು ಬೇಕಾಯಿತು. ಮಾತು, ಹಾಡು ಎರಡಕ್ಕೂ ಒಂದು ಸೆಕೆಂಡಿನ ಹತ್ತಿರ ಇದ್ದರೆ ಚೆನ್ನ.

1895ರಲ್ಲಿ ಹಾರ್ವರ್ಡ್‌ನ ವ್ಯಾಲೇಸ್ ಸಬೈನ್ ಅನ್ನುವ ಮೇಷ್ಟ್ರಿಗೂ ಇದೇ ಕೆಲಸ ಗಂಟುಬಿದ್ದಿತ್ತು. ಹೊಸ ಕಟ್ಟಡದ ಪಾಠದ ಹಾಲಿನಲ್ಲಿ ಮಾತು ತಿಳಿಯುತ್ತಿರಲಿಲ್ಲ. ಅವರು ಹತ್ತಿರದ ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿಕೊಂಡು ಬಂದು, ಎಷ್ಟು ಮೆತ್ತೆ ಹಾಕಿದರೆ ಎಷ್ಟು ಸೆಕೆಂಡು ಕಮ್ಮಿಯಾಗುತ್ತದೆ ಅಂತ ಅಳೆದರು. ಅದರಿಂದ ಹುಟ್ಟಿದ ಲೆಕ್ಕ ಇವತ್ತಿಗೂ ನಡೆಯುತ್ತದೆ. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ. ಶಬ್ದ ಹೀರುವ ಮೈ ಎಷ್ಟು ಚದರ ಮೀಟರ್ ಇದೆಯೋ ಅದರಿಂದ ಭಾಗಿಸಿ. ಬಂದದ್ದು ಸೆಕೆಂಡು.

ನಮ್ಮದು 272 ಘನ ಮೀಟರ್. ಗುಣಿಸಿದರೆ 44. ಒಂದು ಸೆಕೆಂಡು ಬೇಕೆಂದರೆ ಹೀರುವ ಮೈ 44 ಚದರ ಮೀಟರ್ ಇರಬೇಕು. ಮೂರೂವರೆ ಸೆಕೆಂಡಿನ ಲೆಕ್ಕದಲ್ಲಿ ಈಗ ಇರುವುದು ಹನ್ನೆರಡೂವರೆ. ಕೂತ 40 ಜನರಿಂದ ಸುಮಾರು 16. ಜನವೇ ದೊಡ್ಡ ಮೆತ್ತೆ! ಇನ್ನೂ 15, 16 ನಾನು ಹೊಂದಿಸಬೇಕು.

ಅಂಗಡಿಯ ಫೋಮು ಕೇಳಿದೆ. ದುಡ್ಡೂ ಜಾಸ್ತಿ, ನೋಡಲು ಸಿನಿಮಾ ಡಬ್ಬಿಂಗ್ ಕೋಣೆ ಹಾಗೆ. ಆಗ ಅಟ್ಟದ ಮೇಲಿದ್ದ ಚಂದ್ರಿಕೆ ನೆನಪಾಯಿತು. ರೇಷ್ಮೆ ಗೊತ್ತಿಲ್ಲದವರಿಗೆ: ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. 6 ಅಡಿಗೆ 4 ಅಡಿ. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಜಿಲೇಬಿ ಹಾಗೆ ಸುತ್ತು ಸುತ್ತಾಗಿ ನಿಲ್ಲಿಸಿರುತ್ತಾರೆ. ಈಗ ಸುಮಾರು ಜನ ಪ್ಲಾಸ್ಟಿಕ್ಕಿನ ನೇತ್ರಿಕೆ ಬಳಸುತ್ತಾರೆ. ಅಪ್ಪನ ಹಳೆಯ ಚಂದ್ರಿಕೆಗಳು 30ರ ಮೇಲೆ ಧೂಳು ತಿನ್ನುತ್ತಿದ್ದವು. ಆ ಸುತ್ತುಗಳು ಶಬ್ದವನ್ನು ಚೂರು ಮಾಡಿ ನಾನಾ ಕಡೆಗೆ ಚದುರಿಸುತ್ತವೆ, ಹಿಂದೆ ಮೆತ್ತನೆಯದು ಏನಾದರೂ ಇಟ್ಟರೆ ಹೀರುತ್ತದೆ. ಚಾಪೆ ದಟ್ಟವಾಗಿದ್ದ ಕಡೆ ನಡುನಡುವೆ ಎಳೆ ಬಿಚ್ಚಿದೆ, ಇಲ್ಲದಿದ್ದರೆ ಶಬ್ದ ಹಿಂದಕ್ಕೆ ಹೋಗುವುದೇ ಇಲ್ಲ.

ಮೆತ್ತನೆಯದಕ್ಕೆ ಗೋಣಿಚೀಲದಲ್ಲಿ ರಾಗಿ ಹುಲ್ಲು ತುಂಬಿದೆ. ಬುದ್ಧಿ ಇಲ್ಲದ ಕೆಲಸ. ಹುಲ್ಲಿನಲ್ಲಿ ಉಳಿದ ತೆನೆಗೆ ಎರಡು ವಾರದಲ್ಲಿ ಇಲಿ ಸಂಸಾರ ಹೂಡಿತು. ಎಲ್ಲ ಬಿಚ್ಚಿ, ಅತಿಥಿ ಕೋಣೆಯ ಹಳೆಯ ಹಾಸಿಗೆಗಳ ಹತ್ತಿಯನ್ನು ಹಿಂಜಿಸಿ 3 ಅಂಗುಲ ದಪ್ಪಕ್ಕೆ ತುಂಬಿದೆ. ಗೋಡೆಗೂ ಚೀಲಕ್ಕೂ ನಡುವೆ 2 ಅಂಗುಲ ಗಾಳಿ ಬಿಟ್ಟೆ. ತಬಲದ ಎಡದ ದಪ್ಪ ದನಿ ಹಿಡಿಯಲು ಆ ಖಾಲಿ ಜಾಗ ಬೇಕು. ಹತ್ತಿಗೆ ಬೆಂಕಿ ತಗುಲಿದರೆ ಕಷ್ಟ, ಹಾಗಾಗಿ ಅದರ ಹಿಂದಿದ್ದ ಸ್ವಿಚ್ ಬೋರ್ಡುಗಳನ್ನೆಲ್ಲ ಜರುಗಿಸಿದೆವು. ದೀಪ ಏನಿದ್ದರೂ ಎಲ್‌ಇಡಿ. ಬಾಗಿಲ ಪಕ್ಕ ಬೆಂಕಿ ಆರಿಸುವ ಸಿಲಿಂಡರು.

ಒಟ್ಟು 12 ಚಂದ್ರಿಕೆ. ಚಂದ ಕಾಣಲಿ ಅಂತ ಮೊದಲು ಎತ್ತರದಲ್ಲಿ ತೂಗುಹಾಕಿದೆ. ಬಲೂನು ಒಡೆದರೆ ಟರ್ರ್ ಸದ್ದು ಹಾಗೇ ಇತ್ತು. ನಮ್ಮಲ್ಲಿ ಜನ ಕೂರುವುದು ಜಮಖಾನದ ಮೇಲೆ. ಕಿವಿ ಇರುವುದು ಎರಡೂವರೆ, ಮೂರು ಅಡಿ ಎತ್ತರದಲ್ಲಿ. ಅಲ್ಲಿ ಗೋಡೆ ಬೋಳಾಗಿಯೇ ಇತ್ತು! ಎಲ್ಲ ಕೆಳಗಿಳಿಸಿ, ನೆಲದಿಂದ ಒಂದೂವರೆ ಅಡಿಗೆ ತಂದೆ. ಒಂದು ಗೋಡೆಯ ಚಂದ್ರಿಕೆಗೆ ಎದುರು ಗೋಡೆಯ ಖಾಲಿ ಜಾಗ ಬರುವಂತೆ ಬದಲಿಸಿ ಬದಲಿಸಿ ಹಾಕಿದೆ. ಕೋಣೆ ಖಾಲಿ ಇದ್ದಾಗ ಈಗ 1.6 ಸೆಕೆಂಡು. ಜನ ತುಂಬಿದಾಗ ಎಷ್ಟು ಅಂತ ನೋಡಲು ಎರಡನೆಯ ಸಂಜೆ ಎಲ್ಲರನ್ನೂ ಸುಮ್ಮನಿರಿಸಿ ನಡುವೆ ನಿಂತು ಬಲೂನು ಒಡೆದೆ. 1.1. ಮುಂದಿನ ಸಾಲಿನಲ್ಲಿದ್ದ ಒಂದು ಮಗು ಅತ್ತದ್ದು ಅದರಲ್ಲಿ ಸೇರಿಲ್ಲ.

ಇಷ್ಟಾದ ಮೇಲೆ ದೊಡ್ಡ ಸ್ಪೀಕರ್ ಬೇಕೇ ಆಗಲಿಲ್ಲ. 12 ಇಂಚಿನವನ್ನು ಮಾರಿ ಸೆಕೆಂಡ್ ಹ್ಯಾಂಡ್ 8 ಇಂಚಿನವು ಎರಡು ತಂದೆ. ಭಜನೆಯವರು ಈಗ ಎಷ್ಟೋ ಸಲ ಮೈಕೇ ಬೇಡ ಅನ್ನುತ್ತಾರೆ.

ಕಿಟಕಿಯ ನೈಲಾನ್ ಪರದೆ ಕಿತ್ತು ಹಾಕು ಅಂತ ಒಬ್ಬಿಬ್ಬರು ಹೇಳಿದರು. ಊಜಿ ನೊಣ ಬರದಿರಲಿ ಅಂತ ಹಾಕಿದ ಪರದೆ ಅದು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣವನ್ನೇ ತಡೆಯುವ ಪರದೆಗೆ ಸೊಳ್ಳೆ ಯಾವ ಲೆಕ್ಕ? ಹರಿದ ಕಡೆ ಹೊಲಿಸಿದೆ ಅಷ್ಟೇ. ಸೊಳ್ಳೆ ಬತ್ತಿಯ ಕಾಟವೂ ತಪ್ಪಿತು. ಹಳೆಯ ಕಾಲದವರ ಇನ್ನೊಂದು ಉಪಾಯವೂ ಕೆಲಸಕ್ಕೆ ಬಂತು. ಹುಳುವಿನ ಸ್ಟ್ಯಾಂಡಿಗೆ ಇರುವೆ ಹತ್ತಬಾರದು ಅಂತ ಕಾಲಿನ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದರು. ಆ ಸಿಮೆಂಟ್ ಬಟ್ಟಲುಗಳು ಈಗ ಊಟ ಬಡಿಸುವ ಮೇಜಿನ ಕೆಳಗಿವೆ.

ಮಳೆಯ ಸದ್ದು ಮಾತ್ರ ಲೆಕ್ಕದಲ್ಲಿ ಬಂದಿರಲಿಲ್ಲ. ಶೀಟಿನ ಮೇಲೆ ಹನಿ ಬಿದ್ದರೆ ಒಳಗೆ ಯುದ್ಧ. ಬೇಸಿಗೆಯಲ್ಲಿ ತಂಪಿಗೆ ಅಂತ ಹುಳು ಮನೆ ಮೇಲೆ ತೆಂಗಿನ ಗರಿ ಹೊದಿಸುವುದು ಇಲ್ಲಿ ವಾಡಿಕೆ. ಅದನ್ನೇ ಎರಡು ಪದರ ಮಾಡಿ ಕಟ್ಟಿಸಿದೆ. ಜೋರು ಮಳೆಗೆ ಇನ್ನೂ ಹಾಡು ನಿಲ್ಲಿಸಬೇಕು, ಸಾಧಾರಣ ಮಳೆಗೆ ಬೇಡ.

ಇನ್ನು ಒಲೆ. ಗ್ಯಾಸಿನಲ್ಲೇ ಮಾಡಿಬಿಡೋಣ ಅಂದರೆ ಅಮ್ಮ ಒಪ್ಪಲಿಲ್ಲ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು, ತೆಲುಗು ಮಾತಾಡುವ ಮನೆಗಳಲ್ಲಿ ಸಂಗಟಿ. 40 ಜನಕ್ಕೆ 5 ಕಿಲೋ ರಾಗಿ ಹಿಟ್ಟಿನ ಮುದ್ದೆ ತೊಳಸಬೇಕೆಂದರೆ ದೊಡ್ಡ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ನಿಂತು, ಹಿಟ್ಟಿನ ಕೋಲಿನಲ್ಲಿ ತಿರುವಬೇಕು. ಗ್ಯಾಸ್ ಒಲೆ ಆ ಬಲಕ್ಕೆ ಜಾರಿಹೋಗುತ್ತದೆ. ನೆಲಕ್ಕೆ ಕಚ್ಚಿಕೊಂಡ ಒಲೆಯೇ ಬೇಕು.

ಆಸ್ತ್ರ ಒಲೆ ಕಟ್ಟಿ ಗೊತ್ತಿದ್ದ ಒಬ್ಬ ವಯಸ್ಸಾದ ಮೇಸ್ತ್ರಿ ಸಿಕ್ಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಶುರುವಾದ ವಿಭಾಗದ ಹೆಸರು ಆಸ್ತ್ರ. ಅಲ್ಲಿ ರೂಪಿಸಿದ ಒಲೆ ಇದು. ಒಂದೇ ಬೆಂಕಿಗೂಡು, ಸಾಲಾಗಿ ಮೂರು ಪಾತ್ರೆ. ಸೌದೆ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಬಿಸಿ ಗಾಳಿ ಎರಡನೆಯ, ಮೂರನೆಯ ಪಾತ್ರೆಯ ತಳ ಸವರಿಕೊಂಡು ಕೊಳವೆಯಲ್ಲಿ ಮೇಲೆ ಹೋಗುತ್ತದೆ. ಮೊದಲನೆಯದರಲ್ಲಿ ಹಿಟ್ಟು, ಎರಡನೆಯದರಲ್ಲಿ ಸಾರು, ಮೂರನೆಯದರಲ್ಲಿ ಕೈ ತೊಳೆಯಲು ಬಿಸಿನೀರು.

ಎರಡು ದಿನದಲ್ಲಿ ಕಟ್ಟಿದರು. ಹತ್ತು ದಿನ ಒಣಗಿಸಿ ಹಚ್ಚಿದೆವು. ಹೊಗೆ ಕೊಳವೆಯಲ್ಲಿ ಹೋಗದೆ ಒಲೆಯ ಬಾಯಿಂದ ನನ್ನ ಮುಖಕ್ಕೇ ಬಂತು. ಮೇಸ್ತ್ರಿ ಹೊರಗೆ ಹೋಗಿ ಮೇಲೆ ನೋಡಿ, "ಪೈಪು ಸೂರಿಗಿಂತ ಗಿಡ್ಡ ಆಯ್ತು. ಗಾಳಿ ಸೂರು ಹತ್ತಿ ಇಳೀವಾಗ ಹೊಗೇನೂ ಒಳಗೆ ನೂಕ್ತದೆ" ಅಂದರು. 4 ಅಡಿ ಪೈಪು ಸೇರಿಸಿ, ಮೇಲೆ ಟೋಪಿ, ಕಿಡಿ ಹಾರದಂತೆ ಜಾಲರಿ. ಗರಿ ಹೊದಿಸಿದ ಮನೆಯಿಂದ 30 ಅಡಿ ದೂರ ಬೇರೆ ಇದೆ. ಈಗ ಒಣ ಸೌದೆ ಹಾಕಿದರೆ ಕೊಳವೆಯಿಂದ ಬರುವ ಹೊಗೆ ತೆಳ್ಳಗೆ, ನೀಲಿ. ದೊಡ್ಡಪ್ಪ ತಮ್ಮ ಬಾಗಿಲಲ್ಲಿ ನಿಂತು ಮೂಗೆತ್ತಿ ವಾಸನೆ ನೋಡಿದರು. ಏನೂ ಹೇಳಲಿಲ್ಲ. ಅಷ್ಟು ಸಾಕು.

ಆದರೂ ಆಷಾಢದಲ್ಲಿ ಒಲೆ ಹಚ್ಚುವುದಿಲ್ಲ. ಆಗ ಗಾಳಿ ಪಡುವಲಿನಿಂದ ಬೀಸುತ್ತದೆ, ಅವರ ತೋಟ ನಮಗೆ ಮೂಡಲಿಗೆ. ಆ ತಿಂಗಳು ಗ್ಯಾಸಿನ ಮೇಲೆ ಅನ್ನ, ಬಸ್ಸಾರು. ಡಿಸೆಂಬರ್, ಜನವರಿಯಲ್ಲಿ ಸೊಗಡವರೆ ಬಂದಾಗ ಹಿತಕಬೇಳೆ ಸಾರು. ಅದಕ್ಕೆ ಬೇಳೆ ಹಿತುಕುವ ಕೆಲಸವನ್ನು ಅತಿಥಿಗಳ ಕೈಗೇ ಕೊಡುತ್ತೇವೆ. ಹಿಂದಿನ ರಾತ್ರಿ ನೆನೆಹಾಕಿದ ಕಾಳಿನ ಪರಾತ ನಡುವೆ ಇಟ್ಟರೆ ಸಾಕು, ಗುರುತಿಲ್ಲದವರೂ ಮಾತಿಗೆ ಇಳಿಯುತ್ತಾರೆ. ಮಕ್ಕಳಿಗೆ ತೂತು ಬಿದ್ದ ರೇಷ್ಮೆ ಗೂಡಿನ ಹಾರ ಮಾಡುವ ಕೆಲಸ. ಗೋಕರ್ಣದ ಚಿಪ್ಪಿಗೆ ನಮ್ಮ ಜವಾಬು ಅದು.

ತಮಟೆಯ ವಿಷಯ ಬೇರೆ. 2023ರಲ್ಲಿ ನಮ್ಮ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಬೆಂಗಳೂರಿನಿಂದ ಬರುವವರು ತಮಟೆ ಇದೆಯಾ ಅಂತ ಫೋನಿನಲ್ಲೇ ಕೇಳುತ್ತಾರೆ. ಒಂದು ಸಲ ಹುಳು ಮನೆಯೊಳಗೇ ಬಾರಿಸಿದರು. ಚಂದ್ರಿಕೆ ಅಲ್ಲ, ಇಡೀ ಹತ್ತಿ ಮಂಡಿಯನ್ನೇ ತಂದಿಟ್ಟರೂ ತಡೆಯುವ ಸದ್ದಲ್ಲ ಅದು. ತಮಟೆ ಬಯಲಿನ ವಾದ್ಯ. ಹಳೆಯ ದ್ರಾಕ್ಷಿ ಚಪ್ಪರದಿಂದ ಕಿತ್ತಿಟ್ಟಿದ್ದ ಕಲ್ಲುಕೂಚಗಳನ್ನು ಅಂಗಳದ ಪಡುವಲ ತುದಿಯಲ್ಲಿ ಮಲಗಿಸಿ ಅರ್ಧ ಅಡಿಯ ಜಗಲಿ ಮಾಡಿದೆವು. ಚರ್ಮ ಬಿಗಿಯಾಗಲು ತಮಟೆಯನ್ನು ಕಾಯಿಸಬೇಕು. ಹುಲ್ಲು ಹೊತ್ತಿಸಿದರೆ ಮತ್ತೆ ಹೊಗೆ. ಒಲೆಯ ಕೆಂಡವನ್ನೇ ಬಾಂಡ್ಲಿಯಲ್ಲಿ ತುಂಬಿ ಕೊಡುತ್ತೇವೆ. ಕಲಾವಿದರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಒಗ್ಗಿಕೊಂಡರು. ಬಯಲಲ್ಲಿ ಏನೇ ಇದ್ದರೂ ಒಂಬತ್ತಕ್ಕೆ ಮುಗಿಸುತ್ತೇವೆ. ರಾತ್ರಿ ಹತ್ತರ ಮೇಲೆ ಬಯಲಲ್ಲಿ ಮೈಕು ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮವೇ ಇದೆ. ನಿಯಮಕ್ಕಿಂತ ಮೊದಲು, ಬೆಳಗಿನ ಜಾವ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಏಳುವ ಜನ ಇದ್ದಾರೆ.

ಖರ್ಚು ಕೇಳುವವರಿಗೆ: ಅರ್ಥಿಂಗ್ 6,500, ವೈರಿಂಗ್ 14,000, ಚಂದ್ರಿಕೆಯ ಹಿಂದಿನ ಹತ್ತಿ, ಗೋಣಿ, ಮರದ ಚೌಕಟ್ಟು ಸೇರಿ 5,800, ಒಲೆ 11,000, ಗರಿಗೂ ಜಗಲಿಗೂ ಕೂಲಿ 7,200, ಸ್ಪೀಕರ್ 18,000. ಒಟ್ಟು 62,500 ರೂಪಾಯಿ. ಚಂದ್ರಿಕೆ, ಕಲ್ಲು, ಗರಿ ನಮ್ಮವೇ. ರಾಗಿ ಹುಲ್ಲಿನ ಪ್ರಯೋಗದ ದಂಡ ಇದರಲ್ಲಿ ಹಿಡಿದಿಲ್ಲ.

ಬಾಕಿ ಇರುವ ಕೆಲಸ ಎರಡು. ಬಾಗಿಲು ತೆರೆದಾಗಲೆಲ್ಲ ಕಿರ್ ಅನ್ನುತ್ತದೆ. ಮತ್ತೆ ಹಿಂದಿನ ಗೋಡೆಯ ಮೂಲೆಯಲ್ಲಿ ಕೂತರೆ ತಬಲ ಇನ್ನೂ ಸ್ವಲ್ಪ ಗುಮ್ ಅನ್ನುತ್ತದೆ. ಅಲ್ಲಿ ಮೂಲೆಗೆ ಅಡ್ಡಲಾಗಿ ಎರಡು ಚಂದ್ರಿಕೆ ನಿಲ್ಲಿಸಿ ನೋಡಬೇಕು.

ಮುಂದಿನ ಸಂಜೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿ ಹೇಳುವುದನ್ನು ಬಿಟ್ಟಿದ್ದೇನೆ. ಚಾಕಿ, ಅಂದರೆ ಮರಿ ಹುಳು, ತಂದ ದಿನದಿಂದ ಗೂಡು ಬಿಡಿಸುವವರೆಗೆ ಹೆಚ್ಚುಕಮ್ಮಿ 22 ದಿನ. ಆಮೇಲೆ ಮನೆ ತೊಳೆದು, ಔಷಧಿ ಹೊಡೆದು, ಮುಂದಿನ ಚಾಕಿ ಬರುವವರೆಗೆ ಕೆಲವು ದಿನ ಬಿಡುವು. ನಮ್ಮ ಹಾಡೂ ಒಲೆಯೂ ಆ ಬಿಡುವಿನಲ್ಲೇ. ದೊಡ್ಡಪ್ಪ ಮೊನ್ನೆ ಬೈಕಿನಲ್ಲಿ ಚಾಕಿ ತಂದರು. ಮೂರನೆಯ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಿವೆಯಂತೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬಂದ ದಿನ ಬೇಲಿಯ ಹತ್ತಿರ ಬಂದು ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಬಾಗಿಲಿಗೆ ಎಣ್ಣೆ ಬಿಡುತ್ತಿರುತ್ತೇನೆ.